ಅಡ್ಡದಾರಿ ಹಿಡಿದ ಟೀ ಅಯ್ನೋರು

ಹೊಳೆನರಸೀಪುರದ ದೇವಸ್ಥಾನದ ಬೀದಿಯ ಯೋಗಾನರಸಿಂಹ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮೂರು ಸಲ ಕೂತ, ಮೂರು ಸಲವೂ ಗಣಿತದಲ್ಲಿ ಗೋತಾ ಹೊಡೆದ. ನಾಲ್ಕನೆಯ ಸಲ ಅವನ ತಾಯಿ ಅಂಬುಜಮ್ಮ ಹರಕೆ ಹೊರಲು ಹೋದಾಗ ಅರ್ಚಕರೇ ಅವರನ್ನು ಪಕ್ಕಕ್ಕೆ ಕರೆದು, ಸ್ವಾಮಿಗೂ ಕೈಲಾಗದ ಕೆಲಸಗಳು ಕೆಲವು ಇರುತ್ತವೆ ಎಂದು ಸಮಾಧಾನ ಹೇಳಿ ಕಳಿಸಿದರಂತೆ. ಅಲ್ಲಿಗೆ ಅವನ ವಿದ್ಯಾಭ್ಯಾಸ ಮುಗಿಯಿತು.

1936ರಲ್ಲಿ ಪತ್ರಿಕೆಯಲ್ಲಿ ಬಂದ ಜಾಹೀರಾತು ನೋಡಿ ಅರ್ಜಿ ಹಾಕಿದ. ಮದರಾಸಿನ ಒಂದು ಟೀ ಕಂಪನಿಗೆ ಪ್ರಚಾರಕರು ಬೇಕಾಗಿದ್ದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ತಿರುಗಿ ಜನಕ್ಕೆ ಪುಕ್ಕಟೆಯಾಗಿ ಟೀ ಕುಡಿಸಿ ಚಟ ಹತ್ತಿಸುವುದು ಕೆಲಸ. ಕೆಲಸ ಸಿಕ್ಕಿಬಿಟ್ಟಿತು. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ ಎಂಬುದು ಅವನಿಗೆ ಆಮೇಲೆ ತಿಳಿಯಿತು.

ಈ ಕೆಲಸದಲ್ಲಿ ಒಂದೇ ಒಂದು ತೊಡಕಿತ್ತು. ಯೋಗಾನರಸಿಂಹ ಹುಟ್ಟಿದಾರಭ್ಯ ಟೀ ಕುಡಿದವನಲ್ಲ. ಅವನ ಮನೆಯಲ್ಲಿ ಬೆಳಗಿನ ಕಾಫಿ ಸಂಧ್ಯಾವಂದನೆಗೆ ಮುಂಚೆಯೋ ಆಮೇಲೋ ಎಂಬ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿತ್ತು. ಟೀ ಎಂದರೆ ದೊರೆಗಳೂ ಜ್ವರ ಬಂದವರೂ ಕುಡಿಯುವ ಪದಾರ್ಥ. ಅದನ್ನು ಹಂಚುತ್ತೇನೆಂದರೆ ತಾಯಿ ಹೊಸಿಲು ದಾಟಿಸುವುದಿಲ್ಲವೆಂದು ಅವನು, "ಎಲೆ ಕಂಪನಿಯಲ್ಲಿ ಕೆಲಸ ಅಮ್ಮ" ಎಂದಷ್ಟೇ ಹೇಳಿದ. ಬಾಳೆಲೆಯೋ ವೀಳ್ಯದೆಲೆಯೋ ಎಂದು ಆಕೆ ಕೇಳಲಿಲ್ಲ. ಎರಡೂ ಮಡಿಯ ಎಲೆಗಳೇ ಆದ್ದರಿಂದ ಸಂತೋಷಪಟ್ಟರು.

ಕಂಪನಿ ಅವನಿಗೆ ಒಂದು ಸೈಕಲ್ಲು, ಸೀಮೆಎಣ್ಣೆ ಸ್ಟವ್, ದೊಡ್ಡ ಕೆಟಲು, ಎರಡು ಡಜನ್ ಪಿಂಗಾಣಿ ಬಟ್ಟಲು ಮತ್ತು ಒಂದು ಬಣ್ಣದ ಚಿತ್ರ ಕೊಟ್ಟಿತು. ಚಿತ್ರದಲ್ಲಿ ಬಂಗಾಳದ ಕಡೆಯವಳಂತೆ ಕಾಣುವ ಹೆಂಗಸೊಬ್ಬಳು ಬಟ್ಟಲು ಹಿಡಿದು ನಗುತ್ತಿದ್ದಳು. ಅರಕಲಗೂಡಿನ ಸಂತೆಯಲ್ಲಿ ಒಬ್ಬ ಮುದುಕಿ ಅವಳನ್ನು ಯಾವುದೋ ಹೊಸ ಅಮ್ಮನೆಂದು ತಿಳಿದು ಕುಂಕುಮ ಹಚ್ಚಿ, ಟೀಯನ್ನು ತೀರ್ಥದ ಹಾಗೆ ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡು ಹೋದಳು. ಅವತ್ತು ಮುಖ ಸಿಂಡರಿಸದೆ ಕುಡಿದವಳು ಅವಳೊಬ್ಬಳೇ.

ಕಂಪನಿಯ ನಿಯಮ ಸ್ಪಷ್ಟವಾಗಿತ್ತು. ದೊಡ್ಡ ರಸ್ತೆಯ ಮೇಲಿನ ಪೇಟೆಗಳಲ್ಲಿ, ಸಂತೆಯ ದಿನ, ನಾಲ್ಕು ಜನ ಸೇರುವ ಕಡೆ ಟೀ ಕಾಸಬೇಕು. ಎಷ್ಟು ಜನ ಕುಡಿದರೆಂದು ಊರಿನ ಪಟೇಲರಿಂದಲೋ ಶಾನುಭೋಗರಿಂದಲೋ ರುಜು ಹಾಕಿಸಿ ಕಳಿಸಬೇಕು. ಯೋಗಾನರಸಿಂಹ ಹಾಗೇ ಮಾಡಿದ. ಚನ್ನರಾಯಪಟ್ಟಣದಲ್ಲಿ ವಕೀಲರು ಟೀ ಕುಡಿದು, ಬಾಯಿ ಮುಕ್ಕಳಿಸಿ, ಕಾಫಿ ಕುಡಿಯಲು ಹೋದರು. ಹಾಸನದಲ್ಲಿ ಹೋಟೆಲಿನವನೊಬ್ಬ ಅವನ ಕೆಟಲಿನ ಮುಂದೆಯೇ ಬಂದು ಕಾಫಿಬೀಜ ಹುರಿದ. ಸ್ವಂತ ಊರಾದ ಹೊಳೆನರಸೀಪುರದಲ್ಲಂತೂ ಅವನು ರೈಲ್ವೆ ಸ್ಟೇಷನ್ನಿನ ಹಿಂದುಗಡೆ ಮುಖಕ್ಕೆ ವಲ್ಲಿ ಸುತ್ತಿಕೊಂಡು ನಿಂತು ಟೀ ಹಂಚುತ್ತಿದ್ದ. ನೋಡಿದವರು ಕಳ್ಳಭಟ್ಟಿಯೇ ಇರಬೇಕೆಂದು ಗುಂಪುಗೂಡಿ ಬಂದು, ಕುಡಿದು, ಬೈದು ಹೋದರು.

ಅವನ ಸೈಕಲ್ಲಿನ ಹಿಡಿಗೆ ತಿರುಗುಮುಚ್ಚಳದ ಒಂದು ಹಿತ್ತಾಳೆ ಕೂಜ ತೂಗಾಡುತ್ತಿತ್ತು. ಬೆಳಿಗ್ಗೆ ಎದ್ದು ತಾನೇ ಇಳಿಸಿಕೊಂಡ ಡಿಕಾಕ್ಷನ್ನಿನ ಕಾಫಿ ಅದರಲ್ಲಿರುತ್ತಿತ್ತು. ಸರಿಯಾಗಿ ಹನ್ನೊಂದು ಗಂಟೆಗೆ ಮರದ ಮರೆಗೆ ಹೋಗಿ ಕುಡಿದು, ಮೀಸೆ ಒರೆಸಿಕೊಂಡು ಬಂದು, ಟೀಯಿಂದ ಆಗುವ ಪ್ರಯೋಜನಗಳ ಬಗ್ಗೆ ಭಾಷಣ ಮಾಡುತ್ತಿದ್ದ.

ಒಂದು ವರ್ಷ ಕಳೆಯುವಷ್ಟರಲ್ಲಿ ಅವನಿಗೆ ಈ ಸೀಮೆಯೇ ಸಾಕಾಗಿಹೋಯಿತು. ಎಲ್ಲಿ ನೋಡಿದರೂ ಅದೇ ಧೂಳು, ಅದೇ ಬಸ್ಸು, ಅದೇ ಕೊಸರಾಟ. ಬೆಂಗಳೂರಿಗೆ ವರ್ಗ ಮಾಡಿ ಎಂದು ತಿಂಗಳಿಗೊಂದು ಅರ್ಜಿ ಬರೆದ. ಕಂಪನಿ ಅರ್ಜಿಗೆ ಉತ್ತರ ಬರೆಯದೆ ಇನ್ನೊಂದು ಡಜನ್ ಬಟ್ಟಲು ಕಳಿಸಿತು.

1937ರ ಡಿಸೆಂಬರಿನಲ್ಲಿ ಒಂದು ದಿನ ಅವನು ದಂಡಿಗನಹಳ್ಳಿಯಲ್ಲಿ ಟೀ ಕುಡಿಸಿ ಶಾಂತಿಗ್ರಾಮಕ್ಕೆ ಹೊರಟಿದ್ದ. ಬಂದ ರಸ್ತೆಯಲ್ಲೇ ವಾಪಸು ಹೋಗಿ ಸುತ್ತಿ ಬಳಸುವ ಬದಲು ಗದ್ದೆಬಯಲಿನ ಬಂಡಿಜಾಡಿನಲ್ಲಿ ಹೋದರೆ ಬೇಗ ಸೇರಬಹುದೆಂದು ಯಾರೋ ಹೇಳಿದರು. ಎಷ್ಟು ದೂರವೆಂದು ಕೇಳಿದ. "ಇಲ್ಲೇಯ ಸಾ, ಎರಡು ಬೀಡಿ ದೂರ" ಎಂದರು. ಯೋಗಾನರಸಿಂಹ ಬೀಡಿ ಸೇದುವವನಲ್ಲ. ಮೂರು ಗಂಟೆ ಸೈಕಲ್ಲು ತುಳಿದು, ಎರಡು ಹಳ್ಳ ದಾಟಿ, ಹಿಂದಿನ ಚಕ್ರಕ್ಕೆ ಜಾಲಿಮುಳ್ಳು ಚುಚ್ಚಿಸಿಕೊಂಡ ಮೇಲೆ, ಹೇಳಿದವನು ಬಹಳ ನಿಧಾನವಾಗಿ ಸೇದುವ ಮನುಷ್ಯನಿರಬೇಕೆಂದು ಅವನಿಗೆ ಖಾತ್ರಿಯಾಯಿತು.

ಸೈಕಲ್ಲು ತಳ್ಳಿಕೊಂಡು ಕೆರೆ ಏರಿ ಹತ್ತಿದರೆ ಆಚೆ ಒಂದು ಊರು. ಮುದ್ದನಕೊಪ್ಪಲು ಎಂದು ಹೆಸರು. ಇಪ್ಪತ್ತೆರಡು ಮನೆ, ಒಂದು ಕಲ್ಲಿನ ಮಂಟಪ, ಮೂಲೆಯಲ್ಲಿ ಒಂದು ಪುಟ್ಟ ಅಂಗಡಿ. ಮನೆಮನೆಯ ಮುಂದೆಯೂ ಅವರೆಕಾಯಿಯ ರಾಶಿ. ಊರಿಗೆ ಊರೇ ಜಗಲಿಗಳ ಮೇಲೆ ಕೂತು ಕಾಯಿ ಸುಲಿಯುತ್ತಿತ್ತು. ಸೊಗಡಿನ ವಾಸನೆಗೆ ಅವನ ಹೊಟ್ಟೆ ಚುರುಗುಟ್ಟಿತು.

ಅಲ್ಲಿ ಯಾರೂ, ಏನು ಮಾರುತ್ತೀ ಎಂದು ಕೇಳಲಿಲ್ಲ. ಯಾವ ಊರು, ಯಾರ ಮಗ, ಅಕ್ಕತಂಗಿಯರೆಷ್ಟು, ಇನ್ನೂ ಯಾಕೆ ಮದುವೆಯಾಗಿಲ್ಲ, ಹಲ್ಲು ಯಾಕೆ ಹಾಗಿದೆ ಎಂದು ಕೇಳಿದರು. ಎಲ್ಲದಕ್ಕೂ ಅವನು ಉತ್ತರ ಹೇಳಿದ ಮೇಲೆ ಒಂದು ಮಣೆ ಕೊಟ್ಟು, ಮುಂದೆ ಒಂದು ಮೊರ ಕಾಯಿ ಸುರಿದು, ಸುಲಿ ಎಂದರು. ಪೇಟೆಗಳಲ್ಲಿ ವರ್ಷವಿಡೀ ಟೀ ಹಂಚಿದ್ದರೂ ಅವನ ಹೆಸರನ್ನು ಯಾರೂ ಕೇಳಿರಲಿಲ್ಲ ಎಂಬುದು ಕಾಯಿ ಸುಲಿಯುತ್ತಿದ್ದಾಗ ಅವನಿಗೆ ಹೊಳೆಯಿತು.

ಮೂಲೆಯ ಅಂಗಡಿ ಶಿವಗಂಗಮ್ಮನದು. ಐವತ್ತರ ಆಸುಪಾಸಿನ ಲಿಂಗಾಯತರ ಹೆಂಗಸು, ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಎಲೆಅಡಿಕೆ, ಬೆಲ್ಲ, ಶುಂಠಿ, ಮೆಣಸು ಇಟ್ಟುಕೊಂಡು ಮಾರುತ್ತಿದ್ದಳು. ಊರಿನ ಪಟೇಲ ಬೋರಪ್ಪನೂ ಅವಳ ಬಾಯಿಗೆ ಹೆದರುತ್ತಿದ್ದ. ರಾತ್ರಿಯೂಟಕ್ಕೆ ಬ್ರಾಹ್ಮಣನಿಗೆ ಏನು ಗತಿಯೆಂದು ಪಟೇಲ ಯೋಚಿಸುತ್ತ ನಿಂತಿರುವಾಗಲೇ ಅವಳು ಅಕ್ಕಿ, ಸುಲಿದ ಅವರೆ, ಸೌದೆ, ಹೊಸ ಮಡಕೆ ತಂದು ಮಂಟಪದಲ್ಲಿ ಇಟ್ಟಳು. ಅವಳು ಮಾಡಿದ್ದನ್ನು ಅವನು ಉಣ್ಣುವಂತಿಲ್ಲ. ಅವನು ಮುಟ್ಟಿದ್ದನ್ನು ಅವಳೂ ಉಣ್ಣುವವಳಲ್ಲ. ಆ ವಿಷಯದಲ್ಲಿ ಇಬ್ಬರೂ ಸಮಸಮ.

ಯೋಗಾನರಸಿಂಹನಿಗೆ ಬರುತ್ತಿದ್ದ ಅಡುಗೆಯೆಂದರೆ ಕಾಫಿಯೊಂದೇ. ಅವನು ಒಲೆ ಹೊತ್ತಿಸಲು ಹೆಣಗುವುದನ್ನು ನೋಡಲು ಊರು ಮಂಟಪದ ಮೆಟ್ಟಿಲ ಮೇಲೆ ಬಂದು ಕೂತಿತು. ಅವರೆಕಾಳಿಗೆ ಅವನು ತಣ್ಣೀರು ಸುರಿದಾಗ ಶಿವಗಂಗಮ್ಮನಿಂದ ತಡೆಯಲಾಗಲಿಲ್ಲ.

"ಅಯ್ನೋರೆ, ಕಾಳ್ಗೇನ್ ಸ್ನಾನ ಮಾಡುಸ್ತಾ ಇದ್ದೀರಾ? ನೀರು ಮದ್ಲು ಕಾಯ್ಲಿ ಅನ್ನಿ" ಎಂದು ಮೆಟ್ಟಿಲಿನಿಂದಲೇ ಶುರು ಮಾಡಿದಳು.

ಅಲ್ಲಿಂದ ಮುಂದೆ ಕೈ ಅವನದು, ಮಾತು ಅವಳದು. ಉರಿ ತಗ್ಗಿಸಿ ಎಂದರೆ ತಗ್ಗಿಸಿದ. ಈಗ ಉಪ್ಪು ಎಂದರೆ ಉಪ್ಪು. ಕೊತ್ತಂಬರಿ ಬೀಜ ಎಷ್ಟು ಹೊತ್ತು ಹುರಿಯಬೇಕೆಂದು ಹೊಗೆಯ ವಾಸನೆ ಹಿಡಿದೇ ಅವಳು ಹೇಳುತ್ತಿದ್ದಳು. ಮಧ್ಯೆ ಅವನು ತನ್ನ ಬುದ್ಧಿ ಉಪಯೋಗಿಸಲು ಹೋದಾಗ ಇಡೀ ಊರು ಒಟ್ಟಾಗಿ ಬೇಡ ಎಂದಿತು. ಹೀಗೆ ಅವಳು ಒಲೆಯ ಮೇಲಿನ ಮಡಕೆ ಮುಟ್ಟದೆ, ಅವನ ಜಾತಿಯೂ ಕೆಡದೆ, ಅವರೆಕಾಳಿನ ಸಾರು ತಯಾರಾಯಿತು. ಅಷ್ಟು ರುಚಿಯಾದ ಊಟ ತನ್ನ ಮನೆಯಲ್ಲೂ ಉಂಡಿರಲಿಲ್ಲವೆಂದು ಅವನು ಮುಂದೆ ಹಲವರ ಹತ್ತಿರ ಹೇಳಿದ್ದಾನೆ, ತಾಯಿಯ ಹತ್ತಿರ ಒಂದನ್ನು ಬಿಟ್ಟು.

ಮಾರನೆಯ ಬೆಳಿಗ್ಗೆ ಋಣ ತೀರಿಸುವಂತೆ ಸ್ಟವ್ ಹಚ್ಚಿ ಟೀ ಮಾಡಿ ಹಂಚಿದ. ಜನ ಮರ್ಯಾದೆಗೆ ಕುಡಿದರು. ಶಿವಗಂಗಮ್ಮ ಮಾತ್ರ ಬಟ್ಟಲು ಮುಟ್ಟದೆ ಡಬ್ಬದಿಂದ ಒಂದು ಚಿಟಿಕೆ ಒಣ ಸೊಪ್ಪು ತೆಗೆದುಕೊಂಡು ಅಗಿದು, ಪಕ್ಕಕ್ಕೆ ಉಗಿದಳು. ಸೊಪ್ಪಿನದು ತಪ್ಪಿಲ್ಲ, ಮಾಡಿದವನದು ತಪ್ಪು ಎಂದು ತೀರ್ಪು ಕೊಟ್ಟಳು. ತನ್ನ ಒಲೆಯ ಮೇಲೆ ಬೆಲ್ಲ, ಒಣಶುಂಠಿ, ಮೆಣಸು ಕುಟ್ಟಿ ಹಾಕಿ, ಅದರ ಜೊತೆಗೆ ಸೊಪ್ಪನ್ನೂ ಕುದಿಸಿ, ಎಮ್ಮೆಹಾಲು ಸುರಿದು ಚೊಂಬಿನಲ್ಲಿ ತಂದಳು. ಪಟೇಲ ಬೋರಪ್ಪನಿಗೆ ಒಂದೂವರೆ ತಿಂಗಳಿಂದ ಕೆಮ್ಮು. ಮೂರು ಲೋಟ ಕುಡಿದು, ಅರ್ಧ ಗಂಟೆ ಕೆಮ್ಮದೆ ಕೂತ. ಊರಿಗೆ ಅಷ್ಟು ಸಾಕಾಯಿತು.

ರುಜು ಕೇಳಿದಾಗ ಬೋರಪ್ಪ ನೂರ ಎಂಬತ್ತು ಜನ ಕುಡಿದರೆಂದು ಬರೆಸಿದ. ಊರಿನಲ್ಲಿ ಇರುವವರೇ ತೊಂಬತ್ತು ಜನವಲ್ಲವೇ ಎಂದು ಯೋಗಾನರಸಿಂಹ ಸಂಕೋಚದಿಂದ ಕೇಳಿದ.

"ಎಮ್ಮೆಗಳ್ನೂ ಸೇರ್ಸಿವ್ನಿ ಕಣ ಅಯ್ನೋರೆ. ಆಲು ಅವುಂದೇ ತಾನೆ?" ಎಂದ ಪಟೇಲ.

ಆಮೇಲೆ ಯೋಗಾನರಸಿಂಹ ದೊಡ್ಡ ರಸ್ತೆಗೆ ಕಾಲಿಟ್ಟಿದ್ದು ಕಡಿಮೆ. ತಿಂಗಳಿಗೆ ಇಪ್ಪತ್ತು ದಿನ ಬಂಡಿಜಾಡುಗಳಲ್ಲೇ ಅಲೆದ. ನಕ್ಷೆಯಲ್ಲಿಲ್ಲದ ಕೊಪ್ಪಲುಗಳೂ ಹಟ್ಟಿಗಳೂ ಒಂದೊಂದಾಗಿ ಸಿಕ್ಕತೊಡಗಿದವು. ಹೇಮಾವತಿಯ ದಡದ ಒಂದು ಊರಿನಲ್ಲಿ ತಮ್ಮ ಬಾವಿಯ ನೀರಿಗೆ ಸೊಪ್ಪು ಹಾಕುವುದು ನೀರಿಗೆ ಅವಮಾನವೆಂದು ಬರಿಯ ಬಿಸಿನೀರನ್ನೇ ಕುಡಿದು, ಚೆನ್ನಾಗಿದೆ ಎಂದರು. ಅರಕಲಗೂಡಿನ ಕಡೆಯ ಒಂದು ಊರಿನಲ್ಲಿ ಮಾತುಬಿಟ್ಟ ಅಣ್ಣತಮ್ಮಂದಿರಿಬ್ಬರಿಗೆ ಬೇರೆಬೇರೆ ಕೆಟಲು ಇಡಬೇಕಾಯಿತು. ಇದ್ದದ್ದು ಒಂದೇ ಕೆಟಲು. ಒಬ್ಬನಿಗೆ ಮಾಡಿ, ತೊಳೆದು, ಇನ್ನೊಬ್ಬನ ಮನೆಗೆ ಒಯ್ಯುವಾಗ ಇಬ್ಬರೂ ಕಿಟಕಿಯಲ್ಲಿ ನಿಂತು, ಯಾರಿಗೆ ಜಾಸ್ತಿ ಸಿಕ್ಕಿತೆಂದು ನೋಡುತ್ತಿದ್ದರು. ಇನ್ನೊಂದು ಕಡೆ ಗಂಗಯ್ಯನೆಂಬ ಕುರುಡ ಮುದುಕ ಸೈಕಲ್ಲಿನ ಸದ್ದಿನಿಂದಲೇ ಅವನನ್ನು ಗುರುತಿಸಿ, ಚೈನಿಗೆ ಹರಳೆಣ್ಣೆ ಬಿಡದೆ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ.

ಕಂಪನಿಗೆ ಕಳಿಸುವ ದಿನಚರಿಯಲ್ಲಿ "ಷರಾ" ಎಂಬ ಒಂದು ಅಂಕಣವಿತ್ತು. ಮೊದಲ ವರ್ಷ ಅವನು ಅದರಲ್ಲಿ "ಏನೂ ಇಲ್ಲ" ಎಂದು ಬರೆಯುತ್ತಿದ್ದ. ಈಗ ಅಂಕಣ ಸಾಲದೆ ಅಂಚಿನಲ್ಲಿ ಬರೆದ, ಹಾಳೆ ತಿರುಗಿಸಿ ಬೆನ್ನಿಗೂ ಬರೆದ. ಯಾವ ಊರಿನ ಹಲಸಿನ ಮರದ ಕೆಳಗೆ ಒಳ್ಳೆಯ ನಿದ್ದೆ ಬರುತ್ತದೆ, ಯಾವ ಊರಿನ ನಾಯಿ ಸೈಕಲ್ಲನ್ನು ಅಟ್ಟಿಸಿಕೊಂಡು ಬಂದರೂ ಕಚ್ಚುವುದಿಲ್ಲ, ಯಾವ ಶಾನುಭೋಗರು ಹೆಂಡತಿಯ ಭಯಕ್ಕೆ ಚಾವಡಿಯಲ್ಲೇ ಮಲಗುತ್ತಾರೆ, ಇವೆಲ್ಲ ಮದರಾಸಿನ ಕಚೇರಿಗೆ ತಿಂಗಳು ತಿಂಗಳೂ ತಲುಪುತ್ತಿದ್ದವು. ಬೆಂಗಳೂರಿನ ಅರ್ಜಿಗಳು ಮಾತ್ರ ನಿಂತುಹೋದವು.

ಇತ್ತ ಮುದ್ದನಕೊಪ್ಪಲಿನ ಶಿವಗಂಗಮ್ಮನ ಅಂಗಡಿಯಿಂದ ಟೀ ಸೊಪ್ಪು ಕಳಿಸಿ ಎಂದು ಕಂಪನಿಗೆ ಕಾಗದದ ಮೇಲೆ ಕಾಗದ ಹೋಗತೊಡಗಿತು. ಸುತ್ತಲಿನ ಹತ್ತಾರು ಊರಿನವರು ಅವಳಲ್ಲೇ ಕೊಳ್ಳುತ್ತಿದ್ದರು. ಚನ್ನರಾಯಪಟ್ಟಣಕ್ಕಿಂತ ಮುದ್ದನಕೊಪ್ಪಲಿನಲ್ಲಿ ಹೆಚ್ಚು ಟೀ ಖರ್ಚಾಗುತ್ತದೆಂದರೆ ಏನೋ ಮೋಸವಿರಬೇಕೆಂದು ಕಂಪನಿಗೆ ಗುಮಾನಿ ಬಂತು. 1939ರ ಫೆಬ್ರವರಿಯಲ್ಲಿ ದೊಡ್ಡ ಇನ್ಸ್‌ಪೆಕ್ಟರು ತನಿಖೆಗೆ ಬಂದರು. ಕುಂಭಕೋಣದ ಕಡೆಯವರು, ದುಂಡನೆಯ ಮನುಷ್ಯ, ಸೂಟು ಹಾಕಿದ್ದರು. ಶಾಂತಿಗ್ರಾಮದವರೆಗೆ ಕಾರಿನಲ್ಲಿ ಬಂದರು. ಅಲ್ಲಿಂದ ಎತ್ತಿನ ಗಾಡಿ. ಗಾಡಿಯಿಂದ ಇಳಿಯುವಾಗ ಅವರ ಸೂಟಿಗೂ ಮೈಗೂ ಹೊಂದಾಣಿಕೆ ತಪ್ಪಿತ್ತು.

ಜನ ಚೊಂಬುಗಳಲ್ಲಿ ಟೀ ಕುಡಿಯುತ್ತಿರುವುದನ್ನು ನೋಡಿ ಅವರ ಮುಖ ಅರಳಿತು. ಶಿವಗಂಗಮ್ಮ ಮೆಣಸು ಕುಟ್ಟುವುದನ್ನು ನೋಡಿ ಬಾಡಿತು. ನೀರು ಕುದಿಯಬೇಕು, ಸೊಪ್ಪು ಕುದಿಯಬಾರದು, ಐದೇ ನಿಮಿಷ ಇಡಬೇಕು, ಭೂಮಿಯ ಮೇಲೆ ಯಾರೂ ಟೀಗೆ ಮೆಣಸು ಹಾಕುವುದಿಲ್ಲ ಎಂದು ತಮಿಳು ಬೆರೆತ ಕನ್ನಡದಲ್ಲಿ ಹದಿನೈದು ನಿಮಿಷ ಉಪದೇಶ ಮಾಡಿದರು. ಊರವರು ತಲೆಯಾಡಿಸುತ್ತ, ಕುಡಿಯುತ್ತ ಕೇಳಿದರು. ಕೊನೆಗೆ ಇನ್ಸ್‌ಪೆಕ್ಟರು ಯೋಗಾನರಸಿಂಹನ ಕಡೆ ತಿರುಗಿ, ಕಂಪನಿಯ ಪದ್ಧತಿಯಂತೆ ಒಂದು ಬಟ್ಟಲು ಟೀ ಮಾಡಿ ಎಲ್ಲರೆದುರು ನೀವೇ ಕುಡಿದು ತೋರಿಸಿ ಎಂದರು.

ಯೋಗಾನರಸಿಂಹ ಟೀ ಮಾಡಿದ. ಬಟ್ಟಲು ಹಿಡಿದ. ತುಟಿಯ ಹತ್ತಿರಕ್ಕೂ ತಂದ. ಅಲ್ಲಿಂದ ಮುಂದಕ್ಕೆ ಅದು ಹೋಗಲಿಲ್ಲ. ಇವತ್ತು ಏಕಾದಶಿ ಎಂದ. ಏಕಾದಶಿ ಮೊನ್ನೆಯೇ ಆಯಿತೆಂದು ಬೋರಪ್ಪ ಸಹಾಯ ಮಾಡುವವನಂತೆ ನೆನಪಿಸಿದ. ಇನ್ಸ್‌ಪೆಕ್ಟರ ಕಣ್ಣು ಸೈಕಲ್ಲಿಗೆ ತಗುಲಿಹಾಕಿದ್ದ ಕೂಜದ ಮೇಲೆ ಬಿತ್ತು. ಅದರಲ್ಲೇನು ಎಂದರು. ನೀರು ಎಂದ. ಇನ್ಸ್‌ಪೆಕ್ಟರು ಎದ್ದು ಹೋಗಿ ಮುಚ್ಚಳ ತಿರುಗಿಸಿದರು.

ಬೆಳಿಗ್ಗೆ ಹುರಿದು ಪುಡಿಮಾಡಿದ ಕಾಫಿ. ವಾಸನೆ ಮಂಟಪದ ತುಂಬ ಹರಡಿತು. ಇನ್ಸ್‌ಪೆಕ್ಟರು ಕೂಜದೊಳಕ್ಕೆ ನೋಡುತ್ತ ನಿಂತರು. ತಾವು ಕಂಪನಿ ಸೇರಿ ಆರು ವರ್ಷವಾಯಿತು, ಅಧಿಕಾರಿಯ ಮನೆಯಲ್ಲಿ ಕಾಫಿಯ ವಾಸನೆ ಬರಬಾರದೆಂದು ಮೇಲಿನವರ ಅಪ್ಪಣೆ ಎಂದು ಯಾರಿಗೋ ಎನ್ನುವ ಹಾಗೆ ಹೇಳಿದರು. ಆಮೇಲೆ ತಲೆಯೆತ್ತಿ, ಕೂಜವನ್ನು ತುಟಿಗೆ ತಾಕಿಸದೆ ಮೇಲಿನಿಂದ ಸುರಿದುಕೊಂಡು, ಒಂದು ಹನಿ ಬಿಡದಂತೆ ಕುಡಿದರು. ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ಹದವಾಗಿದೆ ಎಂದರು. ಆಮೇಲೆ ಜೇಬಿನಿಂದ ಕಾಗದ ತೆಗೆದು ಅಲ್ಲೇ ಯೋಗಾನರಸಿಂಹನನ್ನು ಕೆಲಸದಿಂದ ವಜಾ ಮಾಡಿ ರುಜು ಹಾಕಿದರು.

ಶಿವಗಂಗಮ್ಮ ಒರಳುಕಲ್ಲಿನಿಂದ ಎದ್ದು ಬಂದಳು. "ಅಲ್ಲ ಬುದ್ಧಿ, ಕುಡಿಯೋಕ್ ಮುಂಚೆ ತಗ್ದಿದ್ರೆ ನ್ಯಾಯ ಅನ್ಬೋದಿತ್ತು. ಒಟ್ಟೆ ತುಂಬ ಕುಡುದ್ಬುಟ್ಟು ತಗುದ್ರಲ್ಲ, ಇದ್ಯಾವ ಸೀಮೆ ಕಾಯಿದೆ?"

ಇನ್ಸ್‌ಪೆಕ್ಟರು ಸೈಕಲ್ಲು, ಸ್ಟವ್, ಬಟ್ಟಲು, ಚಿತ್ರದ ಹೆಂಗಸು ಎಲ್ಲವನ್ನೂ ಗಾಡಿಗೆ ಹೇರಿಸಿಕೊಂಡು ಹೊರಟರು. ಗಾಡಿ ಕೆರೆಯ ಏರಿ ದಾಟುವಾಗ, ಕಳಿಸಲು ಜೊತೆಗೆ ಬಂದಿದ್ದವನನ್ನು, ಕಾಫಿಬೀಜ ಎಲ್ಲಿಯದು ಎಂದು ಮೆಲ್ಲಗೆ ಕೇಳಿದರಂತೆ. ಯೋಗಾನರಸಿಂಹ ಹೇಳಿದ. ಅವರು ಬರೆದುಕೊಂಡರು.

ಕೆಲಸ ಹೋದವನು ಊರಿಗೆ ಹೋಗಬೇಕಿತ್ತು. ಹೋಗಲಿಲ್ಲ. ನಾಳೆ ಹೋಗುತ್ತೇನೆ ಎನ್ನುತ್ತ ಎರಡು ವಾರ ಮಂಟಪದಲ್ಲೇ ಕಳೆದ. ಬೆಳಿಗ್ಗೆ ಕಾಫಿ ಇಳಿಸುತ್ತಿದ್ದ. ಇನ್ಸ್‌ಪೆಕ್ಟರೇ ಮರುಳಾದ ಪದಾರ್ಥ ಹೇಗಿದೆಯೆಂದು ಜನ ಒಬ್ಬೊಬ್ಬರಾಗಿ ಬಂದು ರುಚಿ ನೋಡಿದರು. ಹದಿನೈದನೆಯ ದಿನ ಶಿವಗಂಗಮ್ಮ ಅವನನ್ನು ಕರೆದು, ಊರಿನ ಜಾಡು ಶಾಂತಿಗ್ರಾಮದ ದಾರಿಗೆ ಸೇರುವ ಕೂಡಿನಲ್ಲಿ ಒಂದು ಸೂರು ಹಾಕೋಣ ಎಂದಳು.

"ಒಂದೇ ಸೂರು, ಎಲ್ಡ್ ಒಲೆ. ನಿಮ್ದು ಆ ಕಡೀಕೆ, ನಂದು ಈ ಕಡೀಕೆ. ನಡ್ವೆ ಒಂದ್ ತಡ್ಕೆ. ನಾನ್ ನಿಮ್ ಚೊಂಬು ಮುಟ್ಟಲ್ಲ, ನೀವ್ ನಂದು ಮುಟ್ಬ್ಯಾಡಿ."

"ತಡಿಕೆ ಯಾಕೆ ಶಿವಗಂಗಮ್ಮನೋರೆ? ಒಬ್ಬರಿಗೊಬ್ಬರು ಕಾಣೋದಿಲ್ಲವಲ್ಲ" ಎಂದ.

"ಕಾಣ್ದಿದ್ರೇನೆ ವಾಸಿ. ನೀವ್ ಒಲೆ ಊದೋದ್ನ ನೋಡಿದ್ರೆ ನಂಗೆ ತಡ್ಯಾಕಿಲ್ಲ."

ಹಾಗೆ ಬಲಕ್ಕೆ ಕಾಫಿ, ಎಡಕ್ಕೆ ಟೀ ಆಯಿತು. ಜನ ಒಂದು ಕಡೆ ಕುಡಿದು ಇನ್ನೊಂದು ಕಡೆಗೆ ಹೋಗಿ, ಅಲ್ಲಿಯದೇ ವಾಸಿ ಎಂದು ಹೇಳಿ, ಅಲ್ಲಿಂದ ಇಲ್ಲಿಗೆ ಬಂದು ಇಲ್ಲಿಯದೇ ವಾಸಿ ಎನ್ನುತ್ತಿದ್ದರು. ಯೋಗಾನರಸಿಂಹ ಕಂಪನಿಯನ್ನು ಬಿಟ್ಟರೂ ಕಂಪನಿ ಕೊಡಿಸಿದ ಹೆಸರು ಅವನನ್ನು ಬಿಡಲಿಲ್ಲ. ಕಾಫಿ ಮಾರುತ್ತಿದ್ದರೂ ಅವನು ಎಲ್ಲರಿಗೂ ಟೀ ಅಯ್ನೋರೇ. ಯುದ್ಧ ಬಂದು ಸಕ್ಕರೆಗೆ ಬರ ಬಂದಾಗ ಬಲಗಡೆಯ ಒಲೆ ಸೊರಗಿತು. ಎಡಗಡೆ ಮೊದಲಿಂದಲೂ ಬೆಲ್ಲವೇ ಆದ್ದರಿಂದ ಶಿವಗಂಗಮ್ಮನಿಗೆ ಹಿಟ್ಲರನ ಬಿಸಿ ತಟ್ಟಲೇ ಇಲ್ಲ. ಕಾಫಿಗೂ ಬೆಲ್ಲ ಹಾಕಿ ಎಂದು ತಡಿಕೆಯಾಚೆಯಿಂದ ದಿನಾ ಹೇಳುತ್ತಿದ್ದಳು. ಅವನು ಎಂಟು ತಿಂಗಳು ತಡೆದು, ಕೊನೆಗೆ ಹಾಕಿದ.

ಮಗ ಇನ್ನೂ ಎಲೆ ಕಂಪನಿಯಲ್ಲೇ ಇದ್ದಾನೆಂದು ನಂಬಿದ್ದ ಅಂಬುಜಮ್ಮನಿಗೆ ನಿಜ ತಿಳಿದದ್ದು 1943ರಲ್ಲಿ. ಯಾರೋ ನೆಂಟರು ನಿಮ್ಮ ಮಗ ಹಳ್ಳಿದಾರಿಯ ಕೂಡಿನಲ್ಲಿ ಹೋಟೆಲಿಟ್ಟಿದ್ದಾನೆ ಎಂದು ಹಾಲಿಗೆ ಹುಳಿ ಹಿಂಡಿದ ಹಾಗೆ ಹೇಳಿದರು. ಆಕೆ ಗಾಡಿ ಕಟ್ಟಿಸಿಕೊಂಡು ಬಂದು, ಮಗನ ಮುಖ ನೋಡದೆ, ನೇರ ತಡಿಕೆಯ ಎಡಕ್ಕೆ ಹೋಗಿ ಶಿವಗಂಗಮ್ಮನ ಎದುರು ನಿಂತರು. ಮಗನನ್ನು ಕೆಡಿಸಿದವಳು ನೀನೋ ಎಂದು ಕೇಳಲೆಂದೇ ಬಂದಿದ್ದರು. ಶಿವಗಂಗಮ್ಮ ಅದಕ್ಕೆ ಅವಕಾಶ ಕೊಡಲಿಲ್ಲ. ನಿಮ್ಮ ಮಗನಿಗೆ ಕಾಳಿಗೆ ನೀರಿಡುವುದನ್ನೂ ಕಲಿಸದೆ ಬಿಟ್ಟಿದ್ದೀರಲ್ಲ ಎಂದು ತಾನೇ ದೂರು ಶುರುಮಾಡಿದಳು. ಅಂಬುಜಮ್ಮ ತಮ್ಮ ಪಾಲಿನ ದೂರುಗಳನ್ನು ಸೇರಿಸಿದರು. ಗಣಿತದಿಂದ ಹಿಡಿದು ಹಲ್ಲಿನವರೆಗೆ ಎಲ್ಲ ಬಂತು. ಸಂಜೆಯಾಗುವಷ್ಟರಲ್ಲಿ ಇಬ್ಬರೂ ಎರಡು ಮಾರು ದೂರದಲ್ಲಿ, ಬೇರೆಬೇರೆ ಮಣೆಗಳ ಮೇಲೆ, ಬೇರೆಬೇರೆ ಡಬ್ಬಿಗಳಿಂದ ಎಲೆಅಡಿಕೆ ಹಾಕಿಕೊಂಡು ಒಂದೇ ವಿಷಯ ಮಾತಾಡುತ್ತಿದ್ದರು. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬಲ್ಲಿ ಇಬ್ಬರಿಗೂ ಒಮ್ಮತವಾಯಿತು. ಮಗನನ್ನು ಯಾರೂ ಕೇಳಲಿಲ್ಲ.

ಮಾರನೆಯ ವರ್ಷ ಅರಕಲಗೂಡಿನ ಲಕ್ಷ್ಮೀದೇವಮ್ಮನೊಡನೆ ಮದುವೆಯಾಯಿತು. ಅವಳಪ್ಪ ಮಿಡ್ಲ್‌ ಸ್ಕೂಲಿನ ಮೇಷ್ಟರು. ಹುಡುಗನಿಗೆ ಹೋಟೆಲಿದೆ ಎಂದು ಹೇಳಿದ್ದರೇ ಹೊರತು ಎಲ್ಲಿ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಗಾಡಿ ದೊಡ್ಡ ರಸ್ತೆ ಬಿಟ್ಟು ಬಂಡಿಜಾಡಿಗೆ ಇಳಿಯಿತು. ಎರಡು ಹಳ್ಳ ದಾಟಿತು. ಸೂರಿನ ಮುಂದೆ ಗಾಡಿ ನಿಂತಾಗ ಅವಳು, ಊರು ಇನ್ನೆಷ್ಟು ದೂರ ಎಂದು ಕೇಳಿದಳು.

"ಇದೇ" ಎಂದ ಯೋಗಾನರಸಿಂಹ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ಆ ಜಾಗದ ಬಗ್ಗೆ ನಾಚಿಕೆಯಾಯಿತು. ಒರಗಿದ ಸೂರು, ಹೊಗೆ ಹಿಡಿದ ತಡಿಕೆ, ಬೆಂಚಿನ ಕೆಳಗೆ ಮಲಗಿದ ನಾಯಿ, ಇವಳನ್ನು ನೋಡಲೆಂದೇ ಹೊಲದ ಕೆಲಸ ಬಿಟ್ಟು ಬಂದು ಬಾಯಿತೆರೆದು ನಿಂತ ಬೋರಪ್ಪ ಮತ್ತು ಅವನ ಪರಿವಾರ.

ಲಕ್ಷ್ಮೀದೇವಮ್ಮ ಗಾಡಿಯಲ್ಲಿ ಕೂತೇ ಎಲ್ಲವನ್ನೂ ಒಂದು ಸುತ್ತು ನೋಡಿದಳು. ಅರಕಲಗೂಡಿನಲ್ಲಿ ತಮ್ಮ ಮನೆಯ ಕಿಟಕಿಗೆ ಎದುರುಮನೆಯ ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ ಎಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದು, ಸೇದುವ ಬಾವಿ ಎಲ್ಲಿದೆಯೆಂದು ಶಿವಗಂಗಮ್ಮನನ್ನು ಕೇಳಿದಳು.